ನಾಲ್ಕನೇ ಸಾಲು

ಮೂಗಿ ಕೀಬೋರ್ಡನ್ನು ತಲೆಕೆಳಗಾಗಿ ಹಿಡಿದು ಮೆಲ್ಲಗೆ ತಟ್ಟಿದಳು. ಬಿಸ್ಕತ್ತಿನ ಚೂರು, ಒಂದು ಕೂದಲು, ರಟ್ಟಿನ ಧೂಳು ಮೇಜಿನ ಮೇಲೆ ಬಿದ್ದವು. ಹಳೆಯ ಬನಿಯನ್ ತುಂಡನ್ನು ಒದ್ದೆ ಮಾಡಿ ಹಿಂಡಿ ಒಂದೊಂದೇ ಗುಂಡಿ ಒರೆಸಿದಳು. ಆಮೇಲೆ ಪರದೆ, ಮೌಸು, ಕೊನೆಗೆ ಕುರ್ಚಿಯ ಎರಡು ಕೈ. ಪಕ್ಕದಲ್ಲಿ ಅಣ್ಣ ಸ್ಟೂಲಿನ ಮೇಲೆ ನಿಂತು ಗೋಡೆಗೆ ಮೊಳೆ ಹೊಡೆಯುತ್ತಿದ್ದ. ಅಮ್ಮ ಕೆಳಗೆ ಗಾಜಿನ ಚೌಕಟ್ಟು ಹಿಡಿದು ಕಾದಿದ್ದಳು. ಒಳಗಿದ್ದದ್ದು ಅತ್ತಿಗೆಯ ಡಿಸೈನ್ ಕೋರ್ಸಿನ ಸರ್ಟಿಫಿಕೇಟು.

ಚೌಕಟ್ಟು ನೇತುಹಾಕಿದ ಮೇಲೆ ಅಣ್ಣ ಕೇಳಿದ, "ಸೊಟ್ಟ ಇದೆಯೇನೇ?"

ಎಡಗಡೆ ಎರಡು ಮಿಲಿಮೀಟರ್ ಇಳಿದಿತ್ತು. ಮೂಗಿಯ ಕಣ್ಣಿಗೆ ಎರಡು ಮಿಲಿಮೀಟರ್ ಅಂದರೆ ಎರಡು ಮಾರು.

"ಸರಿಯಾಗಿದೆ," ಅಂದಳು.

ಅವಳಿಗೆ ಮಾತು ಬಾರದೆ ಏನಿರಲಿಲ್ಲ. ಚಿಕ್ಕಂದಿನಲ್ಲಿ ನಾಲ್ಕು ಕೇಳಿದರೆ ಒಂದಕ್ಕೆ ಉತ್ತರ ಕೊಡುತ್ತಿದ್ದಳು, ಅದೂ ಬಾಯೊಳಗೇ. ಅಮ್ಮ ಒಂದು ದಿನ ಸಿಟ್ಟಿನಲ್ಲಿ ಮೂಗಿ ಅಂದಳು. ಹೆಸರು ಅಂಟಿನ ಹಾಗೆ ಹಿಡಿದುಕೊಂಡಿತು. ಎಂಟನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ರಟ್ಟಿನ ಡಬ್ಬಿಯ ಕೆಲಸ ನಡೆಯುತ್ತಿತ್ತು. ಸೋಪು, ಮೇಣದಬತ್ತಿ, ಬಿಸ್ಕತ್ತು ಯಾವುದಕ್ಕೇ ಡಬ್ಬಿ ಬೇಕಾದರೂ ಅದರ ಮೇಲಿನ ಬರಹವನ್ನು ಕಂಪ್ಯೂಟರಿನಲ್ಲಿ ಕೂರಿಸುವುದು ಇಲ್ಲೇ. ಅಚ್ಚಾಗುವುದು ಹೊರಗಿನ ಪ್ರೆಸ್ಸಿನಲ್ಲಿ. ಅಚ್ಚಾದ ಹಾಳೆ ಮತ್ತೆ ಇಲ್ಲಿಗೇ ಬಂದು, ಕತ್ತರಿಸಿಕೊಂಡು, ಮಡಿಸಿಕೊಂಡು, ಅಂಟಿಸಿಕೊಂಡು ಡಬ್ಬಿಯಾಗಿ ಹೊರಡುತ್ತಿತ್ತು. ಆಗ ಕಂಪ್ಯೂಟರಿಗೆ ಒಬ್ಬ ಮುದುಕರಿದ್ದರು. ಅವರಿಗೆ ದಿನಕ್ಕೆ ನಾಲ್ಕು ಸಲ ಟೀ ಬೇಕು. ಟೀ ಕೊಟ್ಟು ಲೋಟ ವಾಪಸ್ ತರುವವರೆಗೆ ಮೂಗಿ ಅವರ ಹಿಂದೆ ನಿಂತಿರುತ್ತಿದ್ದಳು. ದಿನಕ್ಕೆ ನಾಲ್ಕು ಲೋಟದಂತೆ ಎರಡು ವರ್ಷ ನಿಂತು ನೋಡಿ ಇಡೀ ವಿದ್ಯೆ ಕಲಿತಳು. ಮುದುಕರ ಕೈ ನಡುಗತೊಡಗಿ ಅವರು ಬಿಟ್ಟುಹೋದ ಮೇಲೆ, ಬೇರೆಯವರು ಸಿಗುವವರೆಗೆ ಅಂತ ಅಪ್ಪ ಇವಳನ್ನು ಕೂರಿಸಿದ. ಬೇರೆಯವರು ಐದು ವರ್ಷ ಸಿಗಲಿಲ್ಲ. ಆ ಐದು ವರ್ಷದಲ್ಲಿ ಅವಳ ಕೈಯಿಂದ ಹೋದ ಒಂದು ಡಬ್ಬಿಯೂ ತಪ್ಪಾಯಿತು ಅಂತ ತಿರುಗಿ ಬಂದಿರಲಿಲ್ಲ.

ಈಗ ಅಣ್ಣನ ಮದುವೆಯಾಗಿ ಎರಡು ತಿಂಗಳು. ಬೇರೆಯವರು ಸಿಕ್ಕಿದ್ದರು, ಅದೂ ಮನೆಯೊಳಗೇ.

"ಇನ್ನು ಮೇಲೆ ನೀನು ಅಡುಗೆಮನೆ ನೋಡ್ಕೋ, ಮಧ್ಯಾಹ್ನ ಅಂಟಿಸೋಕೆ ಕೂರು," ಅಮ್ಮ ಹೇಳಿದಳು. "ನಿನ್ನತ್ತಿಗೆ ಓದಿ ಬಂದಿರೋಳು. ಅವಳನ್ನ ಪಾತ್ರೆ ತಿಕ್ಕೋಕೆ ಹಾಕಿದ್ರೆ ಜನ ಉಗೀತಾರೆ."

"ನನ್ನ ಹಾಕಿದ್ರೆ?"

"ನಿನ್ನನ್ನ ನೋಡಿ ಉಗಿಯೋಕೆ ಜನಕ್ಕೆ ಪುರುಸೊತ್ತಿಲ್ಲ."

ಅಪ್ಪ ನಕ್ಕ. ಅಪ್ಪ ಜೋರಾಗಿ ನಗುವುದು ಅಮ್ಮನ ಮಾತಿಗೆ ಮಾತ್ರ. ಅದು ಅವನ ರಕ್ಷಣೆ.

ಅವತ್ತಿನಿಂದ ಊಟದ ಲೆಕ್ಕವೂ ಬದಲಾಯಿತು. ಮೊಟ್ಟೆ ಬೇಯಿಸಿದ ದಿನ ಅಪ್ಪನಿಗೆ ಒಂದು, ಅಣ್ಣನಿಗೆ ಒಂದು, ಅತ್ತಿಗೆಗೆ ಎರಡು. "ತಲೆ ಓಡಿಸೋರಿಗೆ ಬೇಕಾಗುತ್ತೆ," ಅಂತ ಅಮ್ಮ. ಉಳಿದ ಒಂದನ್ನು ದಾರದಲ್ಲಿ ಎರಡಾಗಿ ಸೀಳಿ, ತನಗೊಂದು ಹೋಳು, ಮೂಗಿಗೊಂದು. ಹಳದಿ ಯಾವ ಹೋಳಿಗೆ ಜಾಸ್ತಿ ಹೋಯಿತು ಅಂತ ಮೂಗಿ ನೋಡುತ್ತಿದ್ದಳು. ಯಾವಾಗಲೂ ಅಮ್ಮನ ಹೋಳಿಗೇ.

ಅತ್ತಿಗೆ ಕೆಟ್ಟವಳಲ್ಲ, ಹೆದರಿದವಳು. ಮೊದಲ ವಾರವೇ ಮಧ್ಯಾಹ್ನ ಎಲ್ಲರೂ ಅಡ್ಡಾದ ಹೊತ್ತಿಗೆ ಮೂಗಿಯನ್ನು ಕೈಸನ್ನೆ ಮಾಡಿ ಕರೆದಳು.

"ಬಾಗಿಲು ಮುಂದಕ್ಕೆ ಮಾಡು. ಈ ಹಸಿರು ಗೆರೆ ಏನೇ?"

"ಮಡಿಸೋ ಗೆರೆ, ಅತ್ತಿಗೆ. ಅದರ ಮೇಲೆ ಅಕ್ಷರ ಬರಬಾರದು. ಮಡಿಸಿದಾಗ ಬಿರುಕು ಬಿಡುತ್ತೆ."

"ಮತ್ತೆ ಈ ಪಟ್ಟಿ ಖಾಲಿ ಯಾಕೆ ಬಿಟ್ಟಿದ್ದೀಯ?"

"ಅಂಟು ಹಚ್ಚೋ ಜಾಗ. ಬಣ್ಣ ಹಾಕಿದ್ರೆ ಅಂಟು ಹಿಡಿಯಲ್ಲ."

"ನಮಗೆ ಇದೆಲ್ಲ ಹೇಳಿಕೊಡಲೇ ಇಲ್ಲ ಕಣೇ. ಪೋಸ್ಟರು, ಮದುವೆ ಕಾಗದ, ಅಷ್ಟೇ. ಅತ್ತೆಗೆ ಹೇಳಬೇಡ, ಆಯ್ತಾ?"

ಮೂಗಿ ಹೇಳಲಿಲ್ಲ. ಎರಡು ವಾರ ಕಲಿಸಿದಳು. ಅಂಚಿನಿಂದ ಮೂರು ಮಿಲಿಮೀಟರ್ ಬಿಡಬೇಕು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗದ ಹಾಗೆ ಸಾಲುಗಳ ನಡುವೆ ಜಾಗ ಕೊಡಬೇಕು. ಕಪ್ಪು ರಟ್ಟಿನ ಮೇಲೆ ಬಿಳಿ ಅಕ್ಷರ ಸಣ್ಣಗಾದರೆ ಮಸಿ ನುಂಗಿಬಿಡುತ್ತದೆ, ಒಂದು ಸುತ್ತು ದಪ್ಪ ಮಾಡಬೇಕು. ಅತ್ತಿಗೆ ಚಿಕ್ಕ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಂಡಳು. ಒಂದು ದಿನ ಮೂಗಿಯ ಕೈ ಹಿಡಿದು, "ನೀನಿಲ್ಲದಿದ್ರೆ ನಾನು ಸತ್ತೇಹೋಗ್ತಿದ್ದೆ," ಅಂದಳು.

ಅದೇ ಸಂಜೆ ಟೀ ಕುಡಿಯುವಾಗ ಅಮ್ಮನ ಮುಂದೆ ಹೇಳಿದಳು, "ಹಳೇ ಫೈಲುಗಳಲ್ಲಿ ಅಕ್ಷರ ಎಲ್ಲಾ ಅಂಚಿಗೇ ಕೂತಿದೆ ಅತ್ತೆ. ಮೂರು ಮಿಲಿಮೀಟರ್ ಬಿಡಬೇಕು ಅನ್ನೋದು ಯಾರಿಗೂ ಗೊತ್ತಿದ್ದ ಹಾಗಿಲ್ಲ. ನಾನೇ ಒಂದೊಂದಾಗಿ ಸರಿ ಮಾಡ್ತಿದ್ದೀನಿ."

"ಮಾಡಮ್ಮ, ಮಾಡು," ಅಮ್ಮ ಅಂದಳು. "ಐದು ವರ್ಷ ಕುರುಡಿ ಕಸ ಗುಡಿಸಿದ ಹಾಗೆ ನಡೀತು."

ಮೂಗಿ ಬಾಗಿಲ ಹತ್ತಿರ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಅತ್ತಿಗೆ ಅವಳ ಕಡೆ ನೋಡಲಿಲ್ಲ.

ಹೇಳಿಕೊಡಲು ಒಂದೇ ವಿಷಯ ಬಾಕಿಯಿತ್ತು. ಕಂಪ್ಯೂಟರಿನಲ್ಲಿ ಬರಹವನ್ನು ಒಂದು ಚೌಕದೊಳಗೆ ತುಂಬುತ್ತಾರೆ. ಅಕ್ಷರ ದೊಡ್ಡದಾದರೆ ಬರಹ ಹಿಗ್ಗುತ್ತದೆ, ಚೌಕ ಹಿಗ್ಗುವುದಿಲ್ಲ. ಹಿಡಿಸದ ಕೊನೆಯ ಸಾಲು ಕಣ್ಣಿಗೆ ಕಾಣದ ಹಾಗೆ ಒಳಗೇ ಉಳಿದುಬಿಡುತ್ತದೆ. ಆಗ ಚೌಕದ ಕೆಳಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ಗುರುತು ಮೂಡುತ್ತದೆ. ಗೊತ್ತಿದ್ದವರಿಗೆ ಅದು ಬೆಂಕಿ ಬಿದ್ದ ಹಾಗೆ. ಗೊತ್ತಿಲ್ಲದವರಿಗೆ ಏನೂ ಅಲ್ಲ.

ಮೂಗಿ ಮಾರನೇ ದಿನ ಮಧ್ಯಾಹ್ನ ಕರೆದಾಗ ಹೋಗಲಿಲ್ಲ. "ಬಟ್ಟೆ ಒಗೀಬೇಕು ಅತ್ತಿಗೆ," ಅಂದಳು.

ಮೂರನೇ ವಾರ ಪುಡಿ ಸಾಹುಕಾರ ಬಂದ. ಅವನದು ಕಟ್ಟಿಕೊಂಡ ಸಿಂಕು, ಬಚ್ಚಲ ಕೊಳವೆ ಬಿಡಿಸುವ ಪುಡಿ. ಎಂಟು ಸಾವಿರ ಡಬ್ಬಿ ಬೇಕಿತ್ತು. ಡಬ್ಬಿಯ ಬೆನ್ನಿಗೆ ಬಳಸುವ ಕ್ರಮ ನಾಲ್ಕು ಸಾಲು. ಅತ್ತಿಗೆ ಚೆನ್ನಾಗಿಯೇ ಕೂರಿಸಿದಳು. ಸಾಹುಕಾರ ಪ್ರೂಫ್ ನೋಡಿ ಸಹಿ ಹಾಕಿಕೊಟ್ಟ. ಎರಡು ದಿನ ಬಿಟ್ಟು ಫೋನ್ ಮಾಡಿದ.

"ನಮ್ಮ ಅತ್ತೆಗೆ ತೋರಿಸಿದೆ. ಅಕ್ಷರ ಇರುವೆ ಸಾಲಿನ ಹಾಗಿದೆ, ಓದೋಕಾಗಲ್ಲ ಅಂತಾರೆ. ಸ್ವಲ್ಪ ದಪ್ಪ ಮಾಡಿ."

"ದಪ್ಪ ತಾನೇ? ಐದು ನಿಮಿಷದ ಕೆಲಸ," ಅಣ್ಣ ಅಂದ. "ಇನ್ನೊಂದು ಪ್ರೂಫ್ ಬೇಕಾ?"

"ಬೇಡ ಬೇಡ, ಟೈಮಿಲ್ಲ. ಪ್ರೆಸ್ಸಿಗೆ ಕಳಿಸಿಬಿಡಿ."

ಮೂಗಿ ಹನ್ನೊಂದು ಗಂಟೆಯ ಟೀ ಕೊಡಲು ಹೋದಾಗ ಪರದೆಯ ಮೇಲೆ ಡಬ್ಬಿಯ ಬೆನ್ನು ತೆರೆದಿತ್ತು. ಅಕ್ಷರಗಳು ದುಂಡಗೆ, ಕಪ್ಪಗೆ, ಎದ್ದು ಕಾಣುತ್ತಿದ್ದವು. ಒಂದು, ಎರಡು, ಮೂರು. ಮೂರನೆಯದರ ಕೆಳಗೆ ಚೌಕ ಮುಗಿದಿತ್ತು. ಮೂಲೆಯಲ್ಲಿ ಕೆಂಪು.

ಲೋಟ ಇಟ್ಟು ಬಂದಳು. ಅನ್ನಕ್ಕೆ ಅಕ್ಕಿ ತೊಳೆದಳು. ಆಲೂಗಡ್ಡೆ ಹೆಚ್ಚಿದಳು. ಊಟಕ್ಕೆ ಎಲ್ಲರೂ ಕೂತಾಗ ಬಡಿಸುತ್ತಾ ಹೇಳಿದಳು.

"ಅತ್ತಿಗೆ, ಆ ಪುಡಿ ಡಬ್ಬಿಯಲ್ಲಿ ಒಂದು ಸಾಲು ಒಳಗೇ ಉಳಿದಿದೆ. ಕೆಂಪು ಗುರುತಿದೆ."

ಎಷ್ಟು ಮೆಲ್ಲಗೆ ಹೇಳಿದಳು ಅನ್ನುವುದು ಅವಳಿಗೇ ಗೊತ್ತು. ಆದರೆ ನಾಲ್ಕು ಕೈಗಳೂ ತಟ್ಟೆಯ ಮೇಲೆ ನಿಂತವು.

"ಮೂಗಿ ಮಾತಾಡಿದಳು, ಮಳೆ ಬರುತ್ತೆ. ಬಟ್ಟೆ ಎತ್ತಿಡ್ರೋ," ಅಪ್ಪ ಅಂದ.

ಅತ್ತಿಗೆಯ ಮುಖ ಕೆಂಪಾಯಿತು. "ಸಹಿಯಾದ ಪ್ರೂಫ್ ಅದು. ನಾನು ನೋಡಿಯೇ ಮಾಡಿದ್ದು."

"ಇವಳ ಕಣ್ಣೇ ಕೆಂಪಗಿದೆ, ಅದಕ್ಕೆ ಎಲ್ಲ ಕೆಂಪಗೆ ಕಾಣುತ್ತೆ," ಅಮ್ಮ ಅಂದಳು. "ತಿನ್ನೋ ಹೊತ್ತಲ್ಲಿ ಕೊಂಕು ತೆಗೀಬೇಡ. ಹುಳಿ ಹಿಂಡೋದು ಬಿಟ್ಟು ಅನ್ನ ಬಡಿಸು."

"ಹೊಟ್ಟೆಕಿಚ್ಚಿಗೆ ಯಾವ ಅಂಗಡೀಲೂ ಮದ್ದಿಲ್ಲ," ಅಣ್ಣ ಅಂದ. "ಫೈಲು ಆಗಲೇ ಹೋಯ್ತು. ಇನ್ನೊಂದು ಸಲ ಆ ಕೋಣೆಗೆ ಟೀ ತಗೊಂಡು ಹೋಗಬೇಡ. ಅವಳೇ ಬಂದು ಕುಡೀತಾಳೆ."

ಮೂಗಿ ಅನ್ನ ಬಡಿಸಿದಳು. ಎರಡನೇ ಸಲ ಹೇಳಲಿಲ್ಲ. ಹೇಳಿದ್ದಾಯಿತಲ್ಲ, ಇನ್ನು ಅವರುಂಟು ಅವರ ಡಬ್ಬಿಯುಂಟು ಅಂದುಕೊಂಡಳು. ಪಾತ್ರೆ ತಿಕ್ಕುವಾಗ ಇನ್ನೊಂದು ಯೋಚನೆಯೂ ಬಂತು, ಬಿಸಿ ಟೀಯ ಹಾಗೆ ಎದೆಯಲ್ಲಿ ಇಳಿಯಿತು. ಡಬ್ಬಿ ತುಂಬುವಾಗ ಸಾಹುಕಾರ ನೋಡುತ್ತಾನೆ. ಎಂಟು ಸಾವಿರವೂ ತಿರುಗಿ ಬರುತ್ತವೆ, ಅಂಗಳದಲ್ಲಿ ರಾಶಿ ಬೀಳುತ್ತವೆ. ಆ ರಾಶಿಯ ಮುಂದೆ ಅಪ್ಪ ನಿಂತು, ಯಾರನ್ನು ಕರೆಯುತ್ತಾನೆ ನೋಡೋಣ.

ಹಾಳೆಗಳು ಅಚ್ಚಾಗಿ ಬಂದವು. ಅಣ್ಣ ಯಂತ್ರದಲ್ಲಿ ಕತ್ತರಿಸಿದ. ಅಂಟಿಸಲು ಕೂತವರು ಮೂಗಿ ಮತ್ತು ಅಂಟಿನಕ್ಕ. ಅಂಟಿನಕ್ಕ ಹನ್ನೆರಡು ವರ್ಷದಿಂದ ಆ ಮೇಜಿಗೆ ಬರುವ ಹೆಂಗಸು. ಅವಳ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ, ಅಂಟು ಒಣಗಿ ಒಣಗಿ ಚರ್ಮ ಗಾಜಿನ ಹಾಗಾಗಿತ್ತು. ಆ ಮನೆಯಲ್ಲಿ ಮೂಗಿಯನ್ನು ಪುಟ್ಟಿ ಅಂತ ಕರೆಯುತ್ತಿದ್ದವಳು ಅವಳೊಬ್ಬಳೇ. ಶಾಲೆಯ ಮೆಟ್ಟಿಲು ಹತ್ತದವಳಿಗೆ ಮೂಗಿಯೇ ಡಬ್ಬಿಗಳ ಬೆನ್ನು ತೋರಿಸಿ ಅಕ್ಷರ ಕಲಿಸಿದ್ದಳು. ಸೋಪಿನ ಡಬ್ಬಿಯಿಂದ ಶುರುವಾಗಿ ಬಿಸ್ಕತ್ತಿನ ಡಬ್ಬಿಗೆ ಬರುವಷ್ಟರಲ್ಲಿ ಕೂಡಿಸಿ ಓದುವಷ್ಟಾಗಿತ್ತು.

"ಅಬ್ಬಾ, ಈ ಸಲ ಎಷ್ಟು ದಪ್ಪ ಅಕ್ಷರ ಹಾಕಿದ್ದೀರ!" ಅಂಟಿನಕ್ಕ ಒಂದು ಡಬ್ಬಿಯನ್ನು ಬೆಳಕಿಗೆ ಹಿಡಿದಳು. "ನನ್ನಂಥೋರಿಗೆ ಅಂತಲೇ ಮಾಡಿದ ಹಾಗಿದೆ. ಪುಣ್ಯ ಬರುತ್ತೆ ನಿಮಗೆ. ಇರು, ಓದ್ತೀನಿ. ಒಂದು. ನಿಂತ... ನೀರನ್ನು ತೆಗೆಯಿರಿ. ಎರಡು. ಎರಡು ಚಮಚ ಪುಡಿ ಹಾಕಿ. ಮೂರು. ಅರ್ಧ ಗಂಟೆ ಬಿಟ್ಟು ಎರಡು ಮಗ್ ನೀರು ಸುರಿಯಿರಿ."

ಡಬ್ಬಿ ತಿರುಗಿಸಿ ನೋಡಿದಳು. "ಅಷ್ಟೇನಾ, ಪುಟ್ಟಿ?"

ಅಣ್ಣ ಯಂತ್ರ ನಿಲ್ಲಿಸಿ ಇವರ ಕಡೆ ನೋಡುತ್ತಿದ್ದ.

"ಅಷ್ಟೇ," ಅಂದಳು ಮೂಗಿ.

"ಮೂರನ್ನೂ ತಪ್ಪಿಲ್ಲದೆ ಓದಿದೆ ತಾನೇ?"

"ಓದಿದೆ ಅಕ್ಕ."

ಅಂಟಿನಕ್ಕ ಖುಷಿಯಿಂದ ಆ ದಿನ ಇನ್ನೂರು ಡಬ್ಬಿ ಜಾಸ್ತಿ ಅಂಟಿಸಿದಳು. ಮೂರಕ್ಕೆ ನಿಂತ ಪಟ್ಟಿಯಲ್ಲಿ ಏನೋ ಕಡಿಮೆಯಿದೆ ಅಂತ ಯಾರಿಗೆ ತಾನೇ ಅನಿಸುತ್ತದೆ? ಡಬ್ಬಿ ತುಂಬಿದ ಕೆಲಸದವರಿಗೆ ಅನಿಸಲಿಲ್ಲ. ಸಾಹುಕಾರನಿಗೂ ಅನಿಸಲಿಲ್ಲ. ಹತ್ತೇ ದಿನಕ್ಕೆ ಪುಡಿ ತುಂಬಿದ ಒಂದು ಡಜನ್ ಡಬ್ಬಿ ತಂದು ಅಪ್ಪನ ಕೈಗೆ ಕೊಟ್ಟ. "ನಿಮ್ಮ ಮನೇಲಿ ಉಪಯೋಗಿಸಿ. ಎಲ್ಲರೂ ಅಕ್ಷರ ಹೊಗಳ್ತಿದ್ದಾರೆ."

ಅಮ್ಮ ಅತ್ತಿಗೆಯ ತಲೆ ಸವರಿದಳು.

ಅಂಟಿನಕ್ಕ ಆ ದಿನ ಸಂಬಳ ಸ್ವಲ್ಪ ಜಾಸ್ತಿ ಮಾಡಿ ಅಂತ ಕೇಳಲು ಬಂದು ಅಮ್ಮನ ಮುಂದೆ ನಿಂತಿದ್ದಳು. ವರ್ಷಕ್ಕೊಂದು ಸಲ ಕೇಳುತ್ತಿದ್ದಳು, ವರ್ಷಕ್ಕೊಂದು ಸಲ ಅಮ್ಮ ಏನಾದರೂ ವಸ್ತು ಕೊಟ್ಟು ಕಳಿಸುತ್ತಿದ್ದಳು.

"ಈಗೆಲ್ಲಿ ಜಾಸ್ತಿ ಮಾಡಲಿ? ತಗೋ, ಇದು ಇಟ್ಕೋ. ಅಂಗಡೀಲಿ ದುಡ್ಡು ಕೊಟ್ಟು ತಗೋಬೇಕು ಇದನ್ನ."

"ಆಯ್ತು ಅಮ್ಮಾವ್ರೇ. ನಮ್ಮ ಸಿಂಕೂ ಕಟ್ಟಿಕೊಂಡು ವಾರ ಆಯ್ತು," ಅಂತ ಅಂಟಿನಕ್ಕ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು.

ಮೂಗಿ ಅಡುಗೆಮನೆಯಲ್ಲಿ ಬ್ರೆಡ್ಡು ಕೊಯ್ಯುತ್ತಿದ್ದಳು. ಮಾತು ಕಿವಿಗೆ ಬಿತ್ತು. ಚಾಕು ಕೆಳಗಿಟ್ಟಳು. ಹೊರಗೆ ಹೋಗಿ ಹೇಳಬೇಕಾದರೆ ಅಮ್ಮನ ಮುಂದೆ ಹೇಳಬೇಕು. ಅತ್ತಿಗೆಯೂ ಅಲ್ಲೇ ಇದ್ದಳು, ಅಣ್ಣನೂ ಇದ್ದ. ನಾಳೆ ಅಂಟಿಸುವಾಗ ಇನ್ನೊಂದು ಸಾಲಿತ್ತು ಅಂತ ಅಕ್ಕನ ಕಿವಿಯಲ್ಲಿ ಹೇಳಿದರಾಯಿತು ಅಂದುಕೊಂಡು ಚಾಕು ಎತ್ತಿಕೊಂಡಳು.

ಮಾರನೇ ದಿನ ಅಂಟಿನಕ್ಕ ಬರಲಿಲ್ಲ. ಹತ್ತು ಗಂಟೆಗೆ ಅವಳ ತಂಗಿ ಬಂದಳು. ಚಪ್ಪಲಿ ಬಿಡದೆ, ಒಳಗೂ ಬಾರದೆ ಬಾಗಿಲಲ್ಲೇ ನಿಂತು ಹೇಳಿದಳು. ಜಿಡ್ಡು ಬೇಗ ಬಿಡಲಿ ಅಂತ ಅಕ್ಕ ನೀರನ್ನು ಕುದಿಸಿ ಸುರಿದಿದ್ದಳು. ಪುಡಿ ಭುಗ್ ಅಂತ ಉಕ್ಕಿ ಮುಖಕ್ಕೆ ಹಾರಿತು. ಎಡಗಣ್ಣು ಹೋಯಿತು ಅಂತ ಡಾಕ್ಟರು ಹೇಳಿದ್ದಾರೆ, ಬಲಗಣ್ಣು ಇನ್ನೂ ಗೊತ್ತಿಲ್ಲ.

"ಅವಳು ಓದಿಯೇ ಹಾಕಿದ್ದು," ತಂಗಿ ಅಂದಳು. "ಜೋರಾಗಿ ಓದಿ ನನಗೂ ಕೇಳಿಸಿ ಹಾಕಿದಳು. ನೋಡು ಹೇಗೆ ಓದ್ತೀನಿ ಅಂತ ಜಂಬ ಬೇರೆ."

ಅವಳು ಹೋದ ಮೇಲೆ ಅಣ್ಣ ಸಹಿಯಾದ ಪ್ರೂಫ್ ತೆಗೆದು ಮೇಜಿನ ಮೇಲೆ ಹರಡಿದ. ಪಕ್ಕದಲ್ಲಿ ಡಬ್ಬಿ ಇಟ್ಟ. ಪ್ರೂಫಿನಲ್ಲಿ ನಾಲ್ಕನೆಯ ಸಾಲು ಇತ್ತು: ತಣ್ಣೀರನ್ನೇ ಬಳಸಿ, ಬಿಸಿನೀರು ಹಾಕಿದರೆ ಪುಡಿ ಉಕ್ಕಿ ಹಾರುತ್ತದೆ, ಮುಖವನ್ನು ದೂರ ಇಟ್ಟುಕೊಳ್ಳಿ. ಡಬ್ಬಿಯಲ್ಲಿ ಇರಲಿಲ್ಲ.

ಸಾಹುಕಾರನ ಫೋನು ಮಧ್ಯಾಹ್ನ ಬಂತು. ಅಣ್ಣ ಸ್ಪೀಕರಿಗೆ ಹಾಕಿದ.

"ನಾನು ಸಹಿ ಹಾಕಿದ್ದು ನಾಲ್ಕು ಸಾಲಿಗೆ. ಅಂಗಡಿಗಳಿಂದ ಮಾಲು ವಾಪಸ್ ತರಿಸ್ತಿದ್ದೀನಿ. ಸೋಮವಾರ ಇಲಾಖೆಯವರು ತನಿಖೆಗೆ ನಿಮ್ಮಲ್ಲಿಗೆ ಬರ್ತಾರೆ. ಯಾರು ಕೂರಿಸಿದ್ದು ಅಂತ ಹೆಸರು ಬರೆದು ಸಹಿ ಮಾಡಿಸಿ ಇಟ್ಟಿರಿ. ಹೆಸರಿಲ್ಲ ಅಂದ್ರೆ ನಿಮ್ಮ ಕೆಲಸಕ್ಕೇ ಬೀಗ."

ಫೋನು ನಿಂತ ಮೇಲೆ ಅತ್ತಿಗೆ ಬಿಕ್ಕಿದಳು. "ನನಗೆ ಗೊತ್ತಾಗಲಿಲ್ಲ ಅತ್ತೆ. ಆ ಕೆಂಪು ಗುರುತು ಅಂದ್ರೆ ಏನು ಅಂತ ನನಗೆ ಯಾರೂ ಹೇಳಿರಲಿಲ್ಲ."

"ನೀನು ಅಳಬೇಡ. ಹೊಟ್ಟೆಯಲ್ಲಿರೋದಕ್ಕೆ ತಾಗುತ್ತೆ." ಆ ಸುದ್ದಿ ಮನೆಯಲ್ಲಿ ವಾರದ ಹಿಂದಷ್ಟೇ ಗೊತ್ತಾಗಿತ್ತು. ಅಮ್ಮ ಸೆರಗಿನಿಂದ ಸೊಸೆಯ ಮುಖ ಒರೆಸಿದಳು. ಆಮೇಲೆ ತಿರುಗಿದಳು. "ಮೂಗಿ, ನೀನು ಬರೆದುಕೊಡು."

"ನಾನು ಹೇಳಿದ್ದೆ."

"ಯಾವಾಗ?"

"ಊಟಕ್ಕೆ ಕೂತಾಗ. ನಾಲ್ಕು ಜನಾನೂ ಇದ್ರಿ."

"ನಿಮಗೆ ಕೇಳಿಸ್ತೇನ್ರೀ?" ಅಮ್ಮ ಅಪ್ಪನನ್ನು ಕೇಳಿದಳು.

ಅಪ್ಪ ಕಿವಿ ಉಜ್ಜಿಕೊಂಡ. "ನನಗೆ ಈ ಕಡೆ ಸ್ವಲ್ಪ ಮಂದ."

"ನಿನಗೋ?"

"ಇವಳು ಗೊಣಗಿದ್ದು ಇವಳ ಕಿವಿಗೇ ಬೀಳಲ್ಲ," ಅಣ್ಣ ಅಂದ. "ಅಷ್ಟು ಗೊತ್ತಿದ್ದೋಳು ಆಮೇಲೆ ಕೂತು ಎಂಟು ಸಾವಿರ ಅಂಟಿಸಿದೆಯಲ್ಲ? ಆಗ ಎಲ್ಲಿತ್ತು ಬಾಯಿ?"

ಆ ಮನೆಯಲ್ಲಿ ಅವತ್ತು ಯಾರಾದರೂ ನಿಜ ಆಡಿದ್ದರೆ ಅದು ಅಣ್ಣನ ಆ ಕೊನೆಯ ಮಾತು.

"ಅವಳಿಗೆ ಮದುವೆ ಆಗಬೇಕು ಕಣೇ," ಅಪ್ಪ ಮೆಲ್ಲಗೆ ಅಂದ. "ಹೆಸರು ಕೆಟ್ಟರೆ..."

"ಇವಳಿಗೇನು ಹೆಸರಿದೆ ಕೆಡೋಕೆ? ಯಾರು ಬಂದು ಬಾಗಿಲು ತಟ್ಟಿದ್ದಾರೆ ಇವಳನ್ನ ಕೇಳ್ಕೊಂಡು? ಸೊಸೆ ಸರ್ಟಿಫಿಕೇಟು ಗೋಡೆ ಮೇಲಿದೆ. ಅದಕ್ಕೆ ಮಸಿ ಬಿದ್ರೆ ನಾಳೆ ಯಾವ ಗಿರಾಕಿ ಬರ್ತಾನೆ? ಎಂಟನೇ ಕ್ಲಾಸಿನ ಹುಡುಗಿ, ತಿಳೀದೆ ಮಾಡಿಬಿಟ್ಟಳು ಅಂದ್ರೆ ಯಾರಾದ್ರೂ ಅಯ್ಯೋ ಪಾಪ ಅಂತಾರೆ."

"ನಾನು ಮಾಡಿದ್ದಲ್ಲ ಅಮ್ಮ."

"ಗೊತ್ತು. ಬರಿ."

ಕೈಬರಹ ಬೇಡ, ಟೈಪ್ ಮಾಡಿದರೆ ನೀಟಾಗಿರುತ್ತೆ ಅಂತ ಅಣ್ಣ ಅಂದ. ಹಾಗಾಗಿ ಎರಡು ತಿಂಗಳಾದ ಮೇಲೆ ಹತ್ತು ನಿಮಿಷಕ್ಕೆ ಕುರ್ಚಿ ಮೂಗಿಯದಾಯಿತು. ಅತ್ತಿಗೆ ಎತ್ತರ ಬದಲಾಯಿಸಿದ್ದಳು, ಕಾಲು ನೆಲಕ್ಕೆ ಸರಿಯಾಗಿ ತಾಗಲಿಲ್ಲ. ಅಣ್ಣ ಹಿಂದೆ ನಿಂತು ಹೇಳಿದ, ಅವಳು ಹೊಡೆದಳು. ಸದರಿ ಡಬ್ಬಿಯ ಬರಹವನ್ನು ನಾನೇ ಕೂರಿಸಿದ್ದು. ಮನೆಯ ಹಿರಿಯರಿಗೆ ತಿಳಿಸದೆ ಅಕ್ಷರದ ಗಾತ್ರ ಬದಲಿಸಿದ್ದು. ಹೊಡೆದು ಮುಗಿಸಿದ ಮೇಲೆ ಅಭ್ಯಾಸಬಲದಿಂದ ಅಂಚು ಸರಿ ಮಾಡಿದಳು, ಸಾಲುಗಳ ನಡುವೆ ಜಾಗ ಬಿಟ್ಟಳು, ಕೊನೆಯ ಸಾಲು ಚೌಕದೊಳಗೆ ಇದೆಯೇ ಅಂತ ಕೆಳಮೂಲೆ ನೋಡಿದಳು. ಕೆಂಪು ಇರಲಿಲ್ಲ.

"ನೋಡಿ, ಎಷ್ಟು ಚೆನ್ನಾಗಿ ಕೂರಿಸಿದ್ದಾಳೆ," ಅಪ್ಪ ಕಾಗದ ಹಿಡಿದು ಅಂದ. ತಮಾಷೆಗಲ್ಲ, ನಿಜವಾಗಿ ಮೆಚ್ಚಿ ಅಂದ. ಆಮೇಲೆ ಯಾರ ಮುಖವನ್ನೂ ನೋಡದೆ ಹೊರಗೆ ಹೋದ.

ಶನಿವಾರ ಅಮ್ಮ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ದಾರಿಯಲ್ಲಿ ಆರು ಬಾಳೆಹಣ್ಣು ಕೊಂಡಳು, ಎರಡನ್ನು ಅತ್ತಿಗೆಗೆಂದು ತನ್ನ ಚೀಲಕ್ಕೆ ಹಾಕಿಕೊಂಡಳು.

"ಕಾಲು ಹಿಡಿದು ತಪ್ಪಾಯ್ತು ಅನ್ನು. ಅವಳು ದೂರು ಕೊಡದ ಹಾಗೆ ಮಾಡೋದು ನಿನ್ನ ಕೈಲಿದೆ. ನಿನ್ನ ಕಂಡ್ರೆ ಅವಳಿಗೆ ಪ್ರೀತಿ."

ಅಂಟಿನಕ್ಕ ಗೋಡೆ ಬದಿಯ ಮಂಚದಲ್ಲಿದ್ದಳು. ಮುಖದ ಮುಕ್ಕಾಲು ಭಾಗ ಬಿಳಿ ಬಟ್ಟೆ. ಬಲಗಣ್ಣಿನ ಮೇಲೂ ಹತ್ತಿ ಇತ್ತು. ಹೆಜ್ಜೆ ಸದ್ದಿಗೆ ತಲೆ ತಿರುಗಿಸಿದಳು.

"ಯಾರು? ಪುಟ್ಟಿನಾ?"

"ಹೂಂ ಅಕ್ಕ."

"ಬಂದೆಯಾ? ಕೂತ್ಕೋ. ಬೆಳಗ್ಗೆ ನಿಮ್ಮಣ್ಣ ಬಂದಿದ್ದ. ನೀನೇ ಕೂರಿಸಿದ್ದು, ನಿನ್ನಿಂದಲೇ ಸಾಲು ಹೋಯ್ತು ಅಂದ. ನಾನು ನಂಬಲಿಲ್ಲ. ನಮ್ಮ ಪುಟ್ಟಿ ಒಂದು ಚುಕ್ಕಿ ಬಿಡೋಳಲ್ಲ ಅಂದೆ." ಗಾಜಿನಂಥ ಬೆರಳುಗಳು ಹಾಸಿಗೆಯ ಮೇಲೆ ತಡಕಾಡಿ ಮೂಗಿಯ ಕೈ ಹುಡುಕಿದವು. "ನೀನಲ್ಲ ತಾನೇ?"

ಅಮ್ಮ ಹಿಂದಿನಿಂದ ಮೂಗಿಯ ತೋಳಿನ ಒಳಮಾಂಸವನ್ನು ಹಿಡಿದು ತಿರುಚಿದಳು.

"ನಾನೇ ಅಕ್ಕ."

ಪಕ್ಕದ ಮಂಚದ ರೋಗಿ ಕೆಮ್ಮಿದಳು. ದಾದಿಯೊಬ್ಬಳು ಬಕೆಟ್ ಹಿಡಿದು ದಾಟಿ ಹೋದಳು.

"ಓ," ಅಂದಳು ಅಂಟಿನಕ್ಕ. ಕೈ ಬಿಡಲಿಲ್ಲ, ಆದರೆ ಹಿಡಿತ ಸಡಿಲವಾಯಿತು. "ನಾನು ಕೇಳಿದ್ದೆನಲ್ಲ ಪುಟ್ಟಿ, ಅಷ್ಟೇನಾ ಅಂತ. ನೀನು ಅಷ್ಟೇ ಅಂದೆ. ಅದನ್ನೇ ನೆನೆಸಿಕೊಂಡು ಬಿಸಿನೀರು ಕಾಯಿಸಿದೆ. ಇನ್ನೇನಾದ್ರೂ ಇದ್ರೆ ಪುಟ್ಟಿ ಹೇಳ್ತಿದ್ದಳು ಅಂತ."

"ಹುಡುಗಿ, ತಿಳೀಲಿಲ್ಲ," ಅಮ್ಮ ಶುರುಮಾಡಿದಳು. "ನೀನು ದೊಡ್ಡ ಮನಸ್ಸು ಮಾಡಿ..."

"ಅಮ್ಮಾವ್ರೇ, ನೀವು ಹಣ್ಣು ಅಲ್ಲಿಟ್ಟು ಹೋಗಿ. ದೂರು ಕೊಡಲ್ಲ. ಕೊಟ್ಟರೆ ಕಣ್ಣು ವಾಪಸ್ ಬರುತ್ತಾ?"

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಮೂಗಿ ಬಾಗಿ ಏನೋ ಹೇಳಲು ಹೋದಳು. ಅಮ್ಮ ತೋಳು ಬಿಡದೆ ಎಳೆದುಕೊಂಡು ಹೊರಟಳು. ಮೆಟ್ಟಿಲಿಳಿಯುವಾಗ, "ಒಳ್ಳೇ ಕೆಲಸ ಆಯ್ತು, ಅಷ್ಟು ಸುಲಭ ಅಂದುಕೊಂಡಿರಲಿಲ್ಲ," ಅಂದಳು. ಮನೆಗೆ ಬಂದು ಅಣ್ಣನಿಗೂ ಅದನ್ನೇ ಹೇಳಿದಳು.

ಭಾನುವಾರ ಬೆಳಗ್ಗೆ ಮೂಗಿಯ ಬಟ್ಟೆಗಳು ಒಂದು ಚೀಲ ಸೇರಿದವು. ಅಮ್ಮನ ತಂಗಿ ಬೇರೆ ಊರಲ್ಲಿದ್ದಳು, ಅವಳ ಅತ್ತೆ ಹಾಸಿಗೆ ಹಿಡಿದಿದ್ದಳು, ಮಲ ಮೂತ್ರ ಎತ್ತಲು ಜನ ಬೇಕಿತ್ತು. ಇಲಾಖೆಯವರು ಬಂದಾಗ ಕಾಗದ ಇರಲಿ, ಹುಡುಗಿ ಇರುವುದು ಬೇಡ ಅಂತ ಅಣ್ಣ ಯೋಚನೆ ಮಾಡಿದ್ದ. ಬಾಯಿ ತೆರೆದರೆ ಕಷ್ಟ.

"ಎಷ್ಟು ದಿನ?" ಅಪ್ಪ ಕೇಳಿದ.

"ಮುದುಕಿ ಇರೋವರೆಗೆ," ಅಮ್ಮ ಅಂದಳು. "ಆಮೇಲೆ ನೋಡೋಣ."

"ಬಸ್ಸು ಹನ್ನೊಂದಕ್ಕೆ," ಅಣ್ಣ ಅಂದ. "ನಾನೇ ಹತ್ತಿಸಿ ಬರ್ತೀನಿ."

ಮೊಟ್ಟೆ ಬೇಯಿಸಿದ್ದರು. ಹೊರಡುವ ದಿನ ಅಂತ ಅಮ್ಮ ಮೂಗಿಯ ತಟ್ಟೆಗೆ ಇಡೀ ಒಂದು ಹಾಕಿದಳು. ಅತ್ತಿಗೆ ತಲೆ ತಗ್ಗಿಸಿ ಬ್ರೆಡ್ಡನ್ನು ಚೂರು ಚೂರು ಮಾಡುತ್ತಿದ್ದಳು, ಒಂದು ಚೂರನ್ನೂ ಬಾಯಿಗೆ ಹಾಕುತ್ತಿರಲಿಲ್ಲ.

ಮೂಗಿ ಮೊಟ್ಟೆ ಮುಟ್ಟಲಿಲ್ಲ.

"ಆಸ್ಪತ್ರೆ ಬಸ್ ಸ್ಟ್ಯಾಂಡಿನ ಹತ್ತಿರವೇ ಇದೆ," ಅಂದಳು. "ಹೋಗೋ ಮುಂಚೆ ನಾನೊಬ್ಬಳೇ ಒಂದು ಸಲ ಅಕ್ಕನ ಹತ್ತಿರ ಹೋಗಿಬರ್ತೀನಿ. ಹತ್ತು ನಿಮಿಷ."

ಅಪ್ಪ ಟೀ ಊದಿದ. ಅಣ್ಣ ಗಡಿಯಾರ ನೋಡಿದ. ಅಮ್ಮ ಉಪ್ಪಿನ ಡಬ್ಬಿಯನ್ನು ಅಣ್ಣನ ಕಡೆ ಸರಿಸಿದಳು.

ಮೂಗಿ ಎದ್ದು ನಿಂತಳು. ಹೇಳಿದ್ದನ್ನು ಎರಡನೇ ಸಲ ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಸ್ವರ ಎಲ್ಲಿಂದ ಎತ್ತಬೇಕು ಅನ್ನುವುದು ಗೊತ್ತಾಗದೆ ಅದು ತೀರಾ ಜೋರಾಗಿ ಬಂತು, ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಕಿಟಕಿಯ ಕಡೆ ತಿರುಗಿ ನೋಡಿದರು.

"ನನ್ನನ್ನ ಒಂದು ಸಲ ಅಕ್ಕನ ಹತ್ತಿರ ಒಬ್ಬಳೇ ಬಿಡಿ."